ಬರಗಾಲದ ಹಕ್ಕಿ, ಬಸ್‌ಸ್ಟ್ಯಾಂಡಿನ ಪಾರಿವಾಳ

ಪ್ರಶ್ನೆ: ನಮಸ್ಕಾರ ಸರ್. ನಾನು ಬದಿಯಡ್ಕ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗ್ಯಾಲಪಗೋಸ್ ದ್ವೀಪದಲ್ಲಿ ಬರಗಾಲ ಬಂದು ಹಕ್ಕಿಗಳ ಕೊಕ್ಕು ದೊಡ್ಡದಾಯಿತು ಎಂದು ಪಾಠ ಮಾಡಿದೆ. ಒಬ್ಬ ಹುಡುಗ ಎದ್ದು ನಿಂತು, "ಹಾಗಾದ್ರೆ ನಮ್ಮ ಮನೆ ಕೋಳಿಗೆ ಗಟ್ಟಿ ಕಾಳು ಮಾತ್ರ ಹಾಕಿದ್ರೆ ಅದರ ಕೊಕ್ಕೂ ದಪ್ಪ ಆಗ್ತದಾ ಟೀಚರ್?" ಎಂದು ಕೇಳಿದ. ಇಲ್ಲ ಅಂದೆ. ಯಾಕೆ ಇಲ್ಲ ಅಂತ ಸರಿಯಾಗಿ ಹೇಳಲು ಬರಲಿಲ್ಲ. ಇನ್ನೊಂದು ಸಂಶಯ ನನ್ನದೇ. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಸುತ್ತ ಮೊದಲು ಬೂದು ಪಾರಿವಾಳಗಳೇ ಜಾಸ್ತಿ ಇದ್ದವು. ಈಗ ಕಪ್ಪು, ಚುಕ್ಕೆ ಚುಕ್ಕೆಯವು ಜಾಸ್ತಿ ಕಾಣುತ್ತವೆ. ಇದೂ ನೈಸರ್ಗಿಕ ಆಯ್ಕೆಯಾ?

ಉತ್ತರ: ಟೀಚರೇ, ಆ ಹುಡುಗ ಕೇಳಿದ್ದು ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್ 1809ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಬಳಸಿದ ಅಂಗ ಬೆಳೆಯುತ್ತದೆ, ಬೆಳೆದದ್ದು ಮಕ್ಕಳಿಗೂ ಹೋಗುತ್ತದೆ ಎಂದು ಅವರು ನಂಬಿದ್ದರು. ಅಂಥ ದೊಡ್ಡವರೇ ಎಡವಿದ ಜಾಗದಲ್ಲಿ ಶಾಲೆ ಹುಡುಗ ಎಡವಿದರೆ ಬೈಯುವ ಹಾಗಿಲ್ಲ.

ನಾವು ಪಾಠ ಮಾಡುವ ರೀತಿಯಲ್ಲೇ ಸ್ವಲ್ಪ ಎಡವಟ್ಟು ಉಂಟು. "ಬರ ಬಂತು, ಕೊಕ್ಕು ದೊಡ್ಡದಾಯಿತು" ಅಂತ ಹೇಳಿ ಮುಗಿಸುತ್ತೇವೆ. ಕೇಳಿದ ಮಗುವಿನ ಮನಸ್ಸಿನಲ್ಲಿ ಒಂದು ಹಕ್ಕಿ ಬಂದು ಕೂರುತ್ತದೆ. ಅದರ ಕೊಕ್ಕು ದಿನದಿಂದ ದಿನಕ್ಕೆ ಉಬ್ಬುತ್ತದೆ. ನಿಜವಾಗಿ ಆ ದ್ವೀಪದಲ್ಲಿ ಬರಗಾಲದಿಂದ ಒಂದೇ ಒಂದು ಹಕ್ಕಿಯ ಕೊಕ್ಕೂ ದಪ್ಪವಾಗಲಿಲ್ಲ. ಸಣ್ಣ ಕೊಕ್ಕಿನವು ಜಾಸ್ತಿ ಸತ್ತವು, ದಪ್ಪ ಕೊಕ್ಕಿನವು ಸ್ವಲ್ಪ ಕಡಿಮೆ ಸತ್ತವು. ಅಷ್ಟೇ ಆದದ್ದು. ಉಳಿದದ್ದೆಲ್ಲ ಲೆಕ್ಕ.

ಆ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿವರದಲ್ಲೇ ಉತ್ತರ ಇದೆ.

ಗ್ಯಾಲಪಗೋಸ್ ಎಂಬುದು ಪೆಸಿಫಿಕ್ ಸಾಗರದ ಒಂದು ದ್ವೀಪಗುಂಪು. ಅದರಲ್ಲಿ ಈ ಕಥೆ ನಡೆದ ದ್ವೀಪದ ಹೆಸರು ಡಾಫ್ನೆ ಮೇಜರ್. ಹೆಸರಲ್ಲಿ ಮೇಜರ್ ಇದ್ದರೂ ಪುಟ್ಟದು, ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲ. ಪೀಟರ್ ಗ್ರಾಂಟ್, ರೋಸ್ಮರಿ ಗ್ರಾಂಟ್ ಎಂಬ ದಂಪತಿ 1973ರಿಂದ ಅಲ್ಲಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಣ್ಣದ ಬಳೆ ಹಾಕಿ, ಕೊಕ್ಕಿನ ಉದ್ದ, ದಪ್ಪ ಅಳೆದು ಬಿಡುತ್ತಾ ಬಂದರು. ಬಳೆ ಇದ್ದದ್ದರಿಂದ ಪ್ರತಿ ಹಕ್ಕಿಗೂ ಒಂದು ಗುರುತು ಇತ್ತು. ಯಾವ ಹಕ್ಕಿ ಯಾರ ಮರಿ, ಯಾವುದು ಬದುಕಿತು, ಯಾವುದು ಕಾಣೆಯಾಯಿತು, ಎಲ್ಲ ಬರೆದಿಟ್ಟಿದ್ದರು. ಈ ಬರೆದಿಟ್ಟ ಪುಸ್ತಕವೇ ಅವರ ದೊಡ್ಡ ಆಸ್ತಿ.

ಅಲ್ಲಿ ಒಂದು ಜಾತಿಯ ಫಿಂಚ್ ಇದೆ, ನೆಲದ ಮೇಲೆ ಕಾಳು ಹೆಕ್ಕುವ ಮಧ್ಯಮ ಗಾತ್ರದ ಹಕ್ಕಿ. 1976ರ ಮಳೆಗಾಲದಲ್ಲಿ ದ್ವೀಪಕ್ಕೆ 127 ಮಿಲಿಮೀಟರ್ ಮಳೆ ಬಂತು. ಅದು ಅಲ್ಲಿಗೆ ಒಳ್ಳೆಯ ಮಳೆ. ನಮ್ಮಲ್ಲಿ ಆಟಿ ತಿಂಗಳಲ್ಲಿ ಒಂದೇ ದಿನ ಅಷ್ಟು ಸುರಿಯುವುದುಂಟು, ಆ ಮಾತು ಬೇರೆ. 1977ರಲ್ಲಿ ಬಂದದ್ದು ಬರೀ 24 ಮಿಲಿಮೀಟರ್. ಗಿಡ ಚಿಗುರಲಿಲ್ಲ, ಹೊಸ ಬೀಜ ಬೀಳಲಿಲ್ಲ. ಆ ವರ್ಷ ಈ ಹಕ್ಕಿಗಳು ಮರಿಯನ್ನೇ ಮಾಡಲಿಲ್ಲ. ನೆಲದ ಮೇಲಿದ್ದ ಸಣ್ಣ, ಮೆತ್ತಗಿನ ಬೀಜಗಳನ್ನು ಮೊದಲು ತಿಂದು ಮುಗಿಸಿದವು. ಆಮೇಲೆ ಉಳಿದದ್ದು ದೊಡ್ಡ, ಗಟ್ಟಿ ಬೀಜಗಳು. ಅದರಲ್ಲಿ ಮುಖ್ಯವಾದದ್ದು ನಮ್ಮ ನೆಗ್ಗಿಲು ಮುಳ್ಳಿನ ಹತ್ತಿರದ ನೆಂಟ. ಆಯುರ್ವೇದದ ಅಂಗಡಿಯಲ್ಲಿ ಗೋಕ್ಷುರ ಅಂತ ಮಾರುತ್ತಾರಲ್ಲ, ಅದೇ ಕುಲದ ಗಿಡ. ಬರಿಗಾಲಲ್ಲಿ ತುಳಿದವರಿಗೆ ಅದರ ಕಾಯಿ ಎಷ್ಟು ಗಟ್ಟಿ ಅಂತ ಹೇಳಬೇಕಾಗಿಲ್ಲ. ಆ ಮುಳ್ಳುಕಾಯಿ ಒಡೆದು ಬೀಜ ತೆಗೆಯಲು ದಪ್ಪ ಕೊಕ್ಕು ಬೇಕು. ಸಣ್ಣ ಕೊಕ್ಕಿನ ಹಕ್ಕಿ ಎಷ್ಟು ಒದ್ದಾಡಿದರೂ ಆಗುವುದಿಲ್ಲ.

ಸುಮಾರು ನೂರಕ್ಕೆ 85 ಹಕ್ಕಿಗಳು ಕಾಣೆಯಾದವು. ಬದುಕಿದವುಗಳ ಕೊಕ್ಕಿನ ದಪ್ಪದ ಸರಾಸರಿ ತೆಗೆದರೆ, ಬರಕ್ಕೆ ಮುಂಚಿನ ಸರಾಸರಿಗಿಂತ ಸುಮಾರು ಅರ್ಧ ಮಿಲಿಮೀಟರ್ ಜಾಸ್ತಿ. ಅರ್ಧ ಮಿಲಿಮೀಟರ್ ಅಂದರೆ ಏನು ಮಹಾ ಅನಿಸಬಹುದು. ಹತ್ತು ಮಿಲಿಮೀಟರ್ ಕೂಡ ಇಲ್ಲದ ಕೊಕ್ಕಿಗೆ ಅದು ಸಾವು ಬದುಕಿನ ವ್ಯತ್ಯಾಸ. 1978ರಲ್ಲಿ ಮಳೆ ಬಂತು. ಬದುಕಿದವು ಮರಿ ಮಾಡಿದವು. ಆ ಮರಿಗಳು ಬೆಳೆದಾಗ ಅವುಗಳ ಕೊಕ್ಕೂ ಹಳೆಯ ಸರಾಸರಿಗಿಂತ ದಪ್ಪವೇ ಇತ್ತು. ಇದನ್ನು ಪೀಟರ್ ಬೋಗ್ ಮತ್ತು ಪೀಟರ್ ಗ್ರಾಂಟ್ 1981ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಸಂಗತಿ ಗಮನಿಸಿ. ಹಕ್ಕಿಗಳ ಕಾಲಲ್ಲಿ ಬಳೆ ಇತ್ತು. ಹಾಗಾಗಿ ಬರಕ್ಕೆ ಮುಂಚೆ ಅಳೆದ ಹಕ್ಕಿಗಳಲ್ಲೇ ಯಾವುವು ಉಳಿದವು ಎಂದು ಪಟ್ಟಿ ನೋಡಿ ಹೇಳಬಹುದಿತ್ತು. ಉಳಿದವು ಮೊದಲೇ ದಪ್ಪ ಕೊಕ್ಕು ಇದ್ದವು. ಅವು ಹಸಿವಿಗೆ ಕೊಕ್ಕು ಬೆಳೆಸಿಕೊಂಡು ಬದುಕಿದವಲ್ಲ.

ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿ. ಇದು ನಾನು ಸುಮ್ನೆ ಮಾಡಿಕೊಂಡ ಲೆಕ್ಕ, ಡಾಫ್ನೆಯದ್ದಲ್ಲ. ಒಂದು ದ್ವೀಪದಲ್ಲಿ 100 ಹಕ್ಕಿ. 20 ದಪ್ಪ ಕೊಕ್ಕಿನವು, 80 ಸಣ್ಣ ಕೊಕ್ಕಿನವು. ಬರ ಬಂತು. ದಪ್ಪ ಕೊಕ್ಕಿನವುಗಳಲ್ಲಿ ಅರ್ಧ ಸತ್ತು 10 ಉಳಿದವು. ಸಣ್ಣ ಕೊಕ್ಕಿನವುಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತು 8 ಉಳಿದವು. ಈಗ ಒಟ್ಟು 18. ಅದರಲ್ಲಿ ದಪ್ಪ ಕೊಕ್ಕಿನವು 10. ಅಂದರೆ ನೂರಕ್ಕೆ 55 ದಾಟಿತು. ಮೊದಲು ನೂರಕ್ಕೆ 20 ಇತ್ತು.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ದಪ್ಪ ಕೊಕ್ಕಿನ ಹಕ್ಕಿಗಳ ಸಂಖ್ಯೆ ಹೆಚ್ಚಾಯಿತಾ? ಇಲ್ಲ. 20 ಇದ್ದದ್ದು 10 ಆಯಿತು. ಅವಕ್ಕೂ ಬರ ಬಡಿದಿದೆ. ಆದರೆ ಪಾಲು ಹೆಚ್ಚಾಯಿತು. ಯಾವ ಹಕ್ಕಿಯೂ ಬದಲಾಗದೆ, ಯಾವ ಹಕ್ಕಿಯೂ ಸುಖವಾಗಿರದೆ, ಗುಂಪು ಬದಲಾಯಿತು. ನೈಸರ್ಗಿಕ ಆಯ್ಕೆಯಲ್ಲಿ ನಾವು ನೋಡಬೇಕಾದದ್ದು ಈ ಪಾಲನ್ನು. "ಬಲಶಾಲಿಗಳು ಗೆದ್ದರು" ಅಂತ ಹೇಳುವ ರೂಢಿ ಇದೆ, ನನಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ. ಇಲ್ಲಿ ಗೆದ್ದವರು ಯಾರೂ ಇಲ್ಲ. ಎರಡೂ ಕಡೆ ಹೆಣ ಬಿದ್ದಿದೆ, ಒಂದು ಕಡೆ ಜಾಸ್ತಿ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಮಳೆಗೆ ಈ 18 ಹಕ್ಕಿಗಳು ಮರಿ ಮಾಡಿ ಮತ್ತೆ 100 ಆದವು ಅಂದುಕೊಳ್ಳಿ. ಆ ಮರಿಗಳಲ್ಲಿ ದಪ್ಪ ಕೊಕ್ಕಿನವು ಎಷ್ಟು? ಮರಿಗಳು ಅಪ್ಪ ಅಮ್ಮನನ್ನು ಹೋಲಿದರೆ ಸುಮಾರು 55. ಹೋಲದೇ ಹೋದರೆ, ಅಂದರೆ ಕೊಕ್ಕಿನ ದಪ್ಪ ಬರೀ ತಿಂದ ಆಹಾರದಿಂದ ಬರುವಂಥದ್ದಾದರೆ, ಮತ್ತೆ 20ಕ್ಕೇ ಬಂದು ನಿಲ್ಲಬಹುದು. ಆಗ ಅಷ್ಟು ಹಕ್ಕಿ ಸತ್ತದ್ದರಿಂದ ಮುಂದಿನ ತಲೆಮಾರಿಗೆ ಏನೂ ಬದಲಾಗಲಿಲ್ಲ ಅಂತಾಯಿತು. ಹಾಗಾಗಿ ಹುಟ್ಟಿನಿಂದ ಬಂದದ್ದೋ, ತಿಂದು ಬಂದದ್ದೋ ಎಂಬ ಪ್ರಶ್ನೆ ತುಂಬಾ ಮುಖ್ಯ. ನಿಮ್ಮ ಹುಡುಗನ ಕೋಳಿ ಬರುವುದು ಇಲ್ಲಿಯೇ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕೆನಡಾದ ಮಂಡಾರ್ಟೆ ಎಂಬ ಸಣ್ಣ ದ್ವೀಪದಲ್ಲಿ ಹಾಡುವ ಗುಬ್ಬಿ ಜಾತಿಯ ಹಕ್ಕಿಗಳಿವೆ. ಸ್ಮಿತ್ ಮತ್ತು ಡಾಂಟ್ ಎಂಬ ವಿಜ್ಞಾನಿಗಳು ಒಂದು ಗೂಡಿನ ಮೊಟ್ಟೆ ಮರಿಗಳನ್ನು ಇನ್ನೊಂದು ಗೂಡಿಗೆ ಬದಲಿಸಿಟ್ಟರು. ಸಾಕಿದ್ದು ಒಂದು ಜೋಡಿ, ಹೆತ್ತದ್ದು ಇನ್ನೊಂದು ಜೋಡಿ. ದೊಡ್ಡದಾದ ಮೇಲೆ ಅಳೆದರೆ ಮರಿಗಳ ಕೊಕ್ಕು ಹೆತ್ತವರ ಕೊಕ್ಕಿಗೆ ಹೊಂದಿತು, ಉಣ್ಣಿಸಿದವರ ಕೊಕ್ಕಿಗೆ ಅಲ್ಲ. 1980ರಲ್ಲಿ ಇದು ಪ್ರಕಟವಾಯಿತು. ಎಷ್ಟು ಸರಳವಾದ ಪ್ರಯೋಗ ನೋಡಿ. ಹಾಗೆಯೇ ಡಾಫ್ನೆಯಲ್ಲೂ ಅಪ್ಪ ಅಮ್ಮ ಮತ್ತು ಮರಿಗಳ ಅಳತೆ ಪಕ್ಕಪಕ್ಕ ಇಟ್ಟು ನೋಡಿದಾಗ ಕೊಕ್ಕಿನ ದಪ್ಪದ ವ್ಯತ್ಯಾಸದಲ್ಲಿ ಬಹುಪಾಲು ವಂಶದಿಂದ ಬಂದದ್ದು ಅಂತ ಕಂಡಿತು.

ಹಾಗಂತ ಆಹಾರದಿಂದ ಕೊಕ್ಕು ಬದಲಾಗುವುದೇ ಇಲ್ಲ ಅಂತ ಹುಡುಗನಿಗೆ ಹೇಳಬೇಡಿ, ಅದು ಸುಳ್ಳಾಗುತ್ತದೆ. ಕೊಕ್ಕಿನ ಮೇಲಿನ ಪದರ ನಮ್ಮ ಉಗುರಿನ ಜಾತಿಯದು. ಬೆಳೆಯುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ. ಕಡಲ ದಂಡೆಯಲ್ಲಿ ಚಿಪ್ಪು ಒಡೆದು ತಿನ್ನುವ ಆಯ್ಸ್ಟರ್‌ಕ್ಯಾಚರ್ ಎಂಬ ಉದ್ದ ಕೆಂಪು ಕೊಕ್ಕಿನ ಹಕ್ಕಿ ಇದೆ. ಕಲ್ಲುಮ್ಮಕ್ಕಾಯಿಯಂಥ ಗಟ್ಟಿ ಚಿಪ್ಪನ್ನು ಕುಟ್ಟಿ ಒಡೆಯುವವುಗಳ ಕೊಕ್ಕಿನ ತುದಿ ಮೊಂಡಾಗಿರುತ್ತದೆ. ಕೆಸರಿನಲ್ಲಿ ಹುಳ ಹುಡುಕುವವುಗಳ ತುದಿ ಚೂಪಾಗಿರುತ್ತದೆ. ಊಟ ಬದಲಾದರೆ ಕೆಲವೇ ವಾರಗಳಲ್ಲಿ ತುದಿಯ ಆಕಾರವೂ ಬದಲಾಗುತ್ತದೆ. ಆದರೆ ಮೊಂಡು ತುದಿಯ ಅಪ್ಪನಿಗೆ ಹುಟ್ಟಿದ ಮರಿ ಮೊಂಡು ತುದಿ ಹೊತ್ತುಕೊಂಡು ಮೊಟ್ಟೆಯಿಂದ ಹೊರಗೆ ಬರುವುದಿಲ್ಲ. ಕೋಳಿಯದ್ದೂ ಅಷ್ಟೇ. ಗಟ್ಟಿ ಕಾಳು ಹಾಕಿದರೆ ಅದರ ಕೊಕ್ಕಿನ ತುದಿ ಸ್ವಲ್ಪ ಸವೆಯಬಹುದು. ಅದರ ಮರಿಗಳಿಗೆ ಆ ಸವೆತದ ಸುದ್ದಿಯೇ ಗೊತ್ತಿರುವುದಿಲ್ಲ.

ನಿಮ್ಮ ಮಕ್ಕಳಲ್ಲಿ ಅಡಿಕೆ ತೋಟ ಇರುವವರು ಜಾಸ್ತಿ ಇರಬೇಕಲ್ವಾ? ಅವರಿಗೆ ಇದನ್ನು ಬೀಜದ ಅಡಿಕೆ ಆರಿಸುವುದಕ್ಕೆ ಹೋಲಿಸಿ ಹೇಳಬಹುದು. ಹಿರಿಯರು ಒಳ್ಳೆಯ ಫಸಲು ಕೊಡುವ ಹಳೆಯ ಮರ ನೋಡಿ ಅದರ ಹಣ್ಣಡಿಕೆ ಇಳಿಸುತ್ತಾರೆ. ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದನ್ನು ಆರಿಸಿಕೊಳ್ಳುತ್ತಾರೆ. ಉಳಿದದ್ದನ್ನು ಬಿತ್ತುವುದಿಲ್ಲ. ಇಲ್ಲಿ ಯಾವ ಮರವನ್ನೂ ಯಾರೂ ತಿದ್ದಲಿಲ್ಲ. ಯಾವ ಮರದ ಬೀಜ ಪಾತಿಗೆ ಹೋಗಬೇಕು ಎಂಬುದನ್ನು ಮಾತ್ರ ತೀರ್ಮಾನಿಸಿದರು. ಹಾಗೆ ಮಾಡಿ ಮಾಡಿ ತೋಟದ ಗುಣವೇ ಬೇರೆಯಾಯಿತು. ದ್ವೀಪದಲ್ಲಿ ಆರಿಸುವ ಯಜಮಾನ ಇಲ್ಲ. ಮುಳ್ಳುಕಾಯಿ ಇದೆ, ಹಸಿವು ಇದೆ. ಅವಕ್ಕೆ ಯಾವ ಗುರಿಯೂ ಇಲ್ಲ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ ಎಂದು ಮಕ್ಕಳಿಗೆ ಹೇಳಲು ಮರೆಯಬೇಡಿ.

ಗುರಿ ಇಲ್ಲ ಅಂದೆನಲ್ಲ, ಅದಕ್ಕೆ ಸಾಕ್ಷಿ ಅದೇ ದ್ವೀಪದಲ್ಲಿ ಸಿಕ್ಕಿತು. 1977ರ ಕಥೆ ಹೇಳಿ ನಿಲ್ಲಿಸಿದರೆ ಕೊಕ್ಕು ದಪ್ಪವಾಗುತ್ತಾ ಹೋಗುವುದೇ ಪ್ರಗತಿ ಅಂತ ಮಕ್ಕಳು ತಿಳಿಯುತ್ತಾರೆ. 1983ರಲ್ಲಿ ಎಲ್ ನಿನ್ಯೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಏರುಪೇರಾಗುವ ಸ್ಥಿತಿ, ಬಂದು ಡಾಫ್ನೆಗೆ 1,300 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಬಳ್ಳಿ ಹುಲ್ಲು ಎಲ್ಲ ಹಬ್ಬಿ ಸಣ್ಣ ಬೀಜ ರಾಶಿ ರಾಶಿ ಬಿತ್ತು. ದೊಡ್ಡ ಮುಳ್ಳುಕಾಯಿಯ ಗಿಡಗಳು ಬಳ್ಳಿಯ ಅಡಿಯಲ್ಲಿ ಮುಚ್ಚಿಹೋದವು. ಅದಾದ ಮೇಲೆ ಬಂದ ಒಣ ವರ್ಷಗಳಲ್ಲಿ ಬದುಕಿದವು ಸಣ್ಣ ಕೊಕ್ಕಿನವು. ಪಾಲು ಹಿಂದಕ್ಕೆ ತಿರುಗಿತು.

ಇನ್ನೂ ಸ್ವಾರಸ್ಯ ಮುಂದಿದೆ. 1982ರ ಹೊತ್ತಿಗೆ ಇನ್ನೊಂದು ಜಾತಿಯ, ಇನ್ನೂ ದೊಡ್ಡ ಕೊಕ್ಕಿನ ಫಿಂಚ್ ಬಂದು ಆ ದ್ವೀಪದಲ್ಲಿ ಗೂಡು ಕಟ್ಟತೊಡಗಿತ್ತು. 2003ರಿಂದ ಮತ್ತೆ ಬರ. ಈ ಸಲವೂ ದಪ್ಪ ಕೊಕ್ಕಿನವು ಉಳಿಯಬೇಕಲ್ವಾ? ಉಳಿಯಲಿಲ್ಲ. ದೊಡ್ಡ ಬೀಜಗಳನ್ನೆಲ್ಲ ಹೊಸದಾಗಿ ಬಂದ ದೊಡ್ಡ ಕೊಕ್ಕಿನ ಜಾತಿ ಖಾಲಿ ಮಾಡಿತು. ನಮ್ಮ ಮಧ್ಯಮ ಫಿಂಚ್‌ಗಳಲ್ಲಿ ದಪ್ಪ ಕೊಕ್ಕಿನವು ಅವುಗಳ ಎದುರು ನಿಲ್ಲಲಾರದೆ ಸತ್ತವು. ಸಣ್ಣ ಬೀಜಕ್ಕೆ ಒಗ್ಗಿದ ಸಣ್ಣ ಕೊಕ್ಕಿನವು ಉಳಿದವು. ಬರ ಎಂಬುದು ಒಂದೇ, ಆದರೆ 1977ರಲ್ಲಿ ಒಂದು ಫಲ, 2004ರಲ್ಲಿ ಅದರ ಉಲ್ಟಾ. ಪರೀಕ್ಷೆಯಲ್ಲಿ "ಬರ ಬಂದರೆ ಕೊಕ್ಕು ದಪ್ಪವಾಗುತ್ತದೆ" ಎಂದು ಬರೆದ ಮಗುವಿಗೆ ನಾನಾದರೆ ಪೂರ್ತಿ ಅಂಕ ಕೊಡುವುದಿಲ್ಲ. ಏನು ತಿನ್ನಲು ಉಳಿದಿದೆ, ಅದನ್ನು ಇನ್ಯಾರು ತಿನ್ನುತ್ತಿದ್ದಾರೆ ಎಂಬುದು ಗೊತ್ತಾಗದೆ ಉತ್ತರ ಹೇಳಲು ಆಗದು. ಈ ಬರದಲ್ಲಿ ಸತ್ತವು ಮತ್ತು ಉಳಿದವುಗಳ ಡಿಎನ್‌ಎ ಕೂಡ ನೋಡಿದ್ದಾರೆ. ಕೊಕ್ಕಿನ ಗಾತ್ರಕ್ಕೆ ಸಂಬಂಧಪಟ್ಟ ಎಚ್‌ಎಂಜಿಎ2 ಎಂಬ ಜೀನ್ ಇದೆ. ಉಳಿದವುಗಳಲ್ಲಿ ಅದರ ಸಣ್ಣ ಕೊಕ್ಕಿನ ರೂಪವೇ ಹೆಚ್ಚಿನ ಪಾಲು ಇತ್ತು. 2016ರಲ್ಲಿ ಇದು ಹೊರಬಂತು.

ಎಲ್ಲ ಕಡೆ ಇಷ್ಟು ಜೋರಾಗಿ ಆಗುತ್ತದೆ ಅಂದುಕೊಳ್ಳಬೇಡಿ. ನೂರಕ್ಕೆ 85 ಸಾಯುವ ವರ್ಷ ಅಪರೂಪ. ಸಾಮಾನ್ಯವಾಗಿ ವ್ಯತ್ಯಾಸ ಸಣ್ಣದಿರುತ್ತದೆ. ಅದಕ್ಕೂ ಒಂದು ಲೆಕ್ಕ ಕೊಡುತ್ತೇನೆ, ಹತ್ತನೇ ಕ್ಲಾಸಿನವರಿಗೆ ಕ್ಯಾಲ್ಕ್ಯುಲೇಟರ್ ಕೊಟ್ಟು ಮಾಡಿಸಬಹುದು. ನೂರರಲ್ಲಿ ಒಂದು ಹಕ್ಕಿಗೆ ಮಾತ್ರ ಒಂದು ಹೊಸ ಗುಣ ಇದೆ. ಪ್ರತಿ ತಲೆಮಾರಿನಲ್ಲೂ ಬೇರೆಯವು 10 ಉಳಿಯುವಲ್ಲಿ ಈ ಗುಣ ಇದ್ದವು 11 ಉಳಿಯುತ್ತವೆ. ಮರಿಗಳು ತಾಯಿಯನ್ನೇ ಹೋಲುತ್ತವೆ ಅಂತ ಸುಲಭ ಮಾಡಿಕೊಳ್ಳೋಣ. ಒಂದಕ್ಕೆ 99 ಇದ್ದ ಅನುಪಾತವನ್ನು ಪ್ರತಿ ಸಲ 1.1ರಿಂದ ಗುಣಿಸುತ್ತಾ ಹೋಗಿ. 24 ತಲೆಮಾರು ಕಳೆದರೂ ಪಾಲು ನೂರಕ್ಕೆ 9 ಮಾತ್ರ. ನೋಡುವವರಿಗೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಇನ್ನು 24 ತಲೆಮಾರು ಹೋದರೆ ಅರ್ಧಕ್ಕರ್ಧ! ಅನುಕೂಲ ನೂರಕ್ಕೆ ಒಂದರಷ್ಟೇ ಇದ್ದರೆ ಅರ್ಧ ಮುಟ್ಟಲು ಸುಮಾರು 460 ತಲೆಮಾರು ಬೇಕು. ಒಂದು ಮನುಷ್ಯನ ಆಯುಸ್ಸಿನಲ್ಲಿ ಕಾಣುವಂಥದ್ದಲ್ಲ. ಡಾರ್ವಿನ್ ಕೂಡ ಇದನ್ನು ಕಣ್ಣಾರೆ ನೋಡಬಹುದು ಅಂತ ಅಂದುಕೊಂಡಿರಲಿಲ್ಲ.

ಕಣ್ಣಾರೆ ಕಂಡ ಇನ್ನೆರಡು ಉದಾಹರಣೆ ಬೇಗ ಹೇಳಿಬಿಡುತ್ತೇನೆ. ಫಿನ್ಲೆಂಡಿನಲ್ಲಿ ಒಂದು ಜಾತಿಯ ಗೂಬೆಗೆ ಎರಡು ಬಣ್ಣ, ಬೂದು ಮತ್ತು ಕಂದು. ಬಣ್ಣ ವಂಶದಿಂದ ಬರುತ್ತದೆ. ಹಿಮ ಜಾಸ್ತಿ ಬಿದ್ದ ಚಳಿಗಾಲದಲ್ಲಿ ಕಂದು ಗೂಬೆಗಳು ಜಾಸ್ತಿ ಸಾಯುತ್ತಿದ್ದವು. ಚಳಿಗಾಲಗಳು ಮೆತ್ತಗಾಗುತ್ತಾ ಬಂದಂತೆ ಆ ನಷ್ಟ ಕಡಿಮೆಯಾಯಿತು. ಕಂದು ಗೂಬೆಗಳ ಪಾಲು ಏರತೊಡಗಿತು. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ಇನ್ನೊಂದು ಅಮೆರಿಕದ ನೆಬ್ರಾಸ್ಕದ್ದು. ಅಲ್ಲಿ ಅಂಬರಗುಬ್ಬಿ ಜಾತಿಯ ಹಕ್ಕಿಗಳು ಹೆದ್ದಾರಿ ಸೇತುವೆಗಳ ಅಡಿಯಲ್ಲಿ ಸಾಲಾಗಿ ಮಣ್ಣಿನ ಗೂಡು ಕಟ್ಟುತ್ತವೆ. ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬ್ರೌನ್ ಸುಮಾರು 30 ವರ್ಷ ಅವುಗಳನ್ನು ನೋಡಿದರು. ಗಾಡಿಗೆ ಬಡಿದು ಸತ್ತವುಗಳನ್ನೂ ಹೆಕ್ಕಿ ಅಳೆದರು. ಸತ್ತವುಗಳ ರೆಕ್ಕೆ ಉದ್ದ, ಬದುಕಿದವುಗಳ ರೆಕ್ಕೆ ಗಿಡ್ಡ. ಗಿಡ್ಡ ರೆಕ್ಕೆ ಇದ್ದರೆ ರಸ್ತೆಯಿಂದ ಚಕ್ಕನೆ ಮೇಲೇಳಲು ಸುಲಭ. ವರ್ಷ ಕಳೆದಂತೆ ರಸ್ತೆಯಲ್ಲಿ ಸಾಯುವವು ಕಡಿಮೆಯಾದವು, ಗುಂಪಿನ ರೆಕ್ಕೆಯ ಸರಾಸರಿಯೂ ಗಿಡ್ಡವಾಯಿತು. ತಲಪಾಡಿಯಿಂದ ಈಚೆಗೆ ನಮ್ಮ ಹೆದ್ದಾರಿ ಆರು ಪಥ ಆದದ್ದು ನೋಡುವಾಗೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ನಮ್ಮಲ್ಲಿ ಸತ್ತ ಹಕ್ಕಿಯನ್ನು ಅಳೆದು ಬರೆದಿಡುವವರು ಬೇಕು.

ಈಗ ನಿಮ್ಮ ಪಾರಿವಾಳ.

ಟೀಚರೇ, ನೀವು ಕಂಡದ್ದು ನಿಜವೇ ಇರಬಹುದು. ಆದರೆ ಪಾಲು ಬದಲಾಯಿತು ಅಂದ ಮಾತ್ರಕ್ಕೆ ಅದು ನೈಸರ್ಗಿಕ ಆಯ್ಕೆ ಆಗಬೇಕಾಗಿಲ್ಲ. ಆಯ್ಕೆ ಇಲ್ಲದೆಯೂ ಪಾಲು ಬದಲಾಗಲು ದಾರಿಗಳಿವೆ. ನಮ್ಮ ಪೇಟೆಯ ಪಾರಿವಾಳಕ್ಕೆ ಅದರಲ್ಲಿ ಎರಡು ಚೆನ್ನಾಗಿ ಹೊಂದುತ್ತವೆ.

ಒಂದು, ಹೊರಗಿನಿಂದ ಬಂದವು. ಪಾರಿವಾಳ ಸಾಕುವವರು ನಮ್ಮ ಕರಾವಳಿಯ ಪೇಟೆಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅವರಿಗೆ ಬೇಕಾದ ಬಣ್ಣ ಅವರು ಬೆಳೆಸುತ್ತಾರೆ. ಅವರ ಗೂಡಿನಿಂದ ತಪ್ಪಿಸಿಕೊಂಡ ಕಪ್ಪು ಪಾರಿವಾಳಗಳು ಬಸ್‌ಸ್ಟ್ಯಾಂಡಿನ ಗುಂಪಿಗೆ ಸೇರಿಕೊಂಡರೆ ಕಪ್ಪಿನ ಪಾಲು ಏರುತ್ತದೆ. ಪ್ರಪಂಚದ ಪೇಟೆಗಳ ಪಾರಿವಾಳಗಳಲ್ಲಿ ಬಹುಪಾಲು ಮನುಷ್ಯ ಸಾಕಿದ ತಳಿಗಳಿಂದ ತಪ್ಪಿಸಿಕೊಂಡವುಗಳ ಸಂತತಿಯೇ, ಕೆಲವು ಕಡೆ ಕಾಡಿನ ಬೂದು ಪಾರಿವಾಳವೂ ಬೆರೆತಿದೆ.

ಇನ್ನೊಂದು, ಬರೀ ಅದೃಷ್ಟ. ಹೊಸ ಕಟ್ಟಡ ಎದ್ದಿತು ಅಂದುಕೊಳ್ಳಿ. ನಾಲ್ಕು ಪಾರಿವಾಳ ಬಂದು ಎಸಿಯ ಹಿಂದೆ ಗೂಡು ಮಾಡಿದವು. ಅವು ನಾಲ್ಕೂ ಕಪ್ಪಾಗಿದ್ದರೆ ಆ ಕಟ್ಟಡದ ಮುಂದಿನ ಗುಂಪು ಬಹುಪಾಲು ಕಪ್ಪೇ. ಕ್ಲಾಸಿನಲ್ಲಿ ಆಡಿಸಿ ನೋಡಿ. ಒಂದು ಚೀಲದಲ್ಲಿ 10 ಹುಣಸೆ ಬೀಜ, ಹೆಚ್ಚುಕಡಿಮೆ ಅಷ್ಟೇ ಗಾತ್ರದ 10 ಅವರೆ ಬೀಜ ಹಾಕಿ. ಕಣ್ಣು ಮುಚ್ಚಿ ನಾಲ್ಕು ತೆಗೆಯಲಿ. ಸುಮಾರು ಹನ್ನೆರಡು ಸಲಕ್ಕೆ ಒಮ್ಮೆ ನಾಲ್ಕೂ ಒಂದೇ ಜಾತಿ ಬರುತ್ತವೆ. ಹುಣಸೆ ಬೀಜ ಅವರೆಗಿಂತ ಮೇಲು ಅಂತಲ್ಲ. ಗುಂಪು ಸಣ್ಣದಾದಷ್ಟೂ ಈ ಅದೃಷ್ಟದ ಆಟ ಜೋರು.

ನಿಮ್ಮ ಸಹೋದ್ಯೋಗಿಗಳಲ್ಲಿ ಯಾರಾದರೂ "ಕಪ್ಪು ಬಣ್ಣ ಪ್ರಬಲ ಜೀನ್, ಅದಕ್ಕೇ ಹೆಚ್ಚಾಗುತ್ತಿದೆ" ಅಂತ ಹೇಳಬಹುದು. ತುಂಬಾ ಜನ ಓದಿದವರೂ ಹೀಗೆ ನಂಬಿದ್ದಾರೆ. ಪಾರಿವಾಳದಲ್ಲಿ ಚುಕ್ಕೆ ಚುಕ್ಕೆ ವಿನ್ಯಾಸ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ ಇರುವ ವಿನ್ಯಾಸಕ್ಕಿಂತ ಪ್ರಬಲ ಎಂಬುದು ನಿಜ. ಅಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಚುಕ್ಕೆಯ ಜೀನ್ ಬಂದರೂ ಮರಿಯಲ್ಲಿ ಚುಕ್ಕೆಯೇ ಕಾಣುತ್ತದೆ. ಆದರೆ ಪ್ರಬಲವಾದ ಮಾತ್ರಕ್ಕೆ ಪಾಲು ಏರುವುದಿಲ್ಲ. ಇದನ್ನು 1908ರಲ್ಲೇ ಒಬ್ಬ ಗಣಿತಜ್ಞರು ತೋರಿಸಿಕೊಟ್ಟರು. ನಮ್ಮ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ ಅವರೇ. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದರು. ಯಾರೂ ಹೆಚ್ಚು ಸಾಯದೆ, ಯಾರೂ ಹೆಚ್ಚು ಮರಿ ಮಾಡದೆ, ಹೊರಗಿನವರು ಸೇರದೆ, ಗುಂಪು ದೊಡ್ಡದಿದ್ದು, ಜೋಡಿಗಳು ಬಣ್ಣ ನೋಡದೆ ಕೂಡಿದರೆ, ಜೀನ್‌ಗಳ ಪಾಲು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಇರುತ್ತದೆ. ಪ್ರಬಲ ಇರಲಿ, ದುರ್ಬಲ ಇರಲಿ. ನನ್ನ ಅಭಿಪ್ರಾಯದಲ್ಲಿ ಈ ಸೂತ್ರವನ್ನು ನಾವು ಶಾಲೆಯಲ್ಲಿ ಉಪಯೋಗವೇ ಇಲ್ಲದ ಹಾಗೆ ಕಲಿಸುತ್ತೇವೆ. ಪಾಲು ಬದಲಾಗಿದೆ ಅಂದರೆ ಏನೋ ಕಾರಣ ಉಂಟು ಎಂದು ಹುಡುಕಲು ಕಳಿಸುವ ಸೂತ್ರ ಅದು.

ಹಾಗಾದರೆ ಪಾರಿವಾಳದಲ್ಲಿ ನಿಜವಾದ ಆಯ್ಕೆ ಯಾರಾದರೂ ಕಂಡಿದ್ದಾರಾ? ಹೌದು, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ. 2005ರಲ್ಲಿ ಪ್ರಕಟವಾಯಿತು. ಪಾರಿವಾಳಗಳನ್ನು ಆಕಾಶದಿಂದ ಎರಗಿ ಹಿಡಿಯುವ ಪೆರೆಗ್ರಿನ್ ಫಾಲ್ಕನ್ ಇದೆಯಲ್ಲ, ಡೇಗೆ ಜಾತಿಯ ಬೇಟೆ ಹಕ್ಕಿ, ಅದರ ಬೇಟೆಯನ್ನು ಏಳು ವರ್ಷ ಗಮನಿಸಿದರು. ಅಲ್ಲಿನ ಪಾರಿವಾಳಗಳಲ್ಲಿ ಐದಕ್ಕೆ ಒಂದರಷ್ಟು ಮೂಲ ಬಣ್ಣದವು, ಬೂದು ಮೈ, ಸೊಂಟದಲ್ಲಿ ಬಿಳಿ ಪಟ್ಟೆ. ಆದರೆ ಡೇಗೆ ಹಿಡಿದು ತಿಂದವುಗಳಲ್ಲಿ ಆ ಬಣ್ಣದವು ನೂರಕ್ಕೆ ಎರಡರಷ್ಟು ಮಾತ್ರ. ಬಿಳಿ ಪಟ್ಟೆ ಡೇಗೆಯ ಕಣ್ಣು ಸೆಳೆಯುತ್ತದೆ. ಪಾರಿವಾಳ ರೆಕ್ಕೆ ಬಾಗಿಸಿ ಪಲ್ಟಿ ಹೊಡೆದು ತಪ್ಪಿಸಿಕೊಳ್ಳುವ ಆ ಕ್ಷಣದಲ್ಲಿ ಡೇಗೆಗೆ ಗುರಿ ತಪ್ಪುತ್ತದೆ ಎಂದು ಅವರು ವಿವರಿಸಿದರು. ಬಿಳಿ ಪಟ್ಟೆಯೇ ಕಾರಣ ಅಂತ ಹೇಗೆ ಗೊತ್ತಾಯಿತು? ನೂರಾರು ಪಾರಿವಾಳಗಳ ಸೊಂಟದ ಗರಿ ಅದಲು ಬದಲು ಮಾಡಿಬಿಟ್ಟರು! ಬಿಳಿ ಗರಿ ಕಳೆದುಕೊಂಡವು ಸುಲಭವಾಗಿ ಸಿಕ್ಕಿಬಿದ್ದವು, ಪಡೆದವು ತಪ್ಪಿಸಿಕೊಂಡವು. ಡೇಗೆಗಳು ಹೆಚ್ಚಾದಂತೆ ಬಿಳಿ ಪಟ್ಟೆಯವುಗಳ ಪಾಲೂ ಹೆಚ್ಚಾಯಿತು. ನಮ್ಮ ದೇಶದ ಮೂಲ ಪಾರಿವಾಳದ ಸೊಂಟ ಬಿಳಿ ಅಲ್ಲ, ಬೂದು. ಹಾಗಾಗಿ ಈ ಫಲವನ್ನು ಎತ್ತಿ ತಂದು ಕಾಸರಗೋಡಿಗೆ ಅಂಟಿಸಲು ಬರುವುದಿಲ್ಲ.

ಕಪ್ಪು ಬಣ್ಣದ ಬಗ್ಗೆ ಪ್ಯಾರಿಸ್‌ನವರು ಕೆಲಸ ಮಾಡಿದ್ದಾರೆ. ಗಾಢ ಬಣ್ಣದ ಪಾರಿವಾಳಗಳು ಮೈಯೊಳಗೆ ಸೇರಿದ ಸತುವನ್ನು ಗರಿಗಳಿಗೆ ಹೆಚ್ಚು ಸಾಗಿಸುತ್ತವೆ ಅಂತ 2014ರಲ್ಲಿ ತೋರಿಸಿದರು. ಗರಿ ಉದುರಿದಾಗ ಲೋಹವೂ ಹೊರಹೋಗುತ್ತದೆ. ಹೊಗೆ, ಧೂಳು ಜಾಸ್ತಿ ಇರುವ ಪೇಟೆಯಲ್ಲಿ ಕಪ್ಪಿಗೆ ಇದರಿಂದ ಲಾಭ ಇರಬಹುದು ಎಂಬುದು ಅವರ ಊಹೆ.

ನಿಮ್ಮ ಬಸ್‌ಸ್ಟ್ಯಾಂಡಿಗೆ ಬರೋಣ. "ಮೊದಲು ಬೂದು ಜಾಸ್ತಿ ಇತ್ತು" ಎಂಬುದು ನೆನಪು. ನೆನಪಿನಿಂದ ಪಾಲು ತೆಗೆಯಲು ಆಗುವುದಿಲ್ಲ. ಹಳೆಯ ಫೋಟೋ ಇದ್ದರೆ ಹುಡುಕಿ. ಮದುವೆ ದಿಬ್ಬಣದ್ದೋ, ಮೆರವಣಿಗೆಯದ್ದೋ ಫೋಟೋದಲ್ಲಿ ಹಿಂದೆ ತಂತಿ ಮೇಲೆ ಪಾರಿವಾಳ ಕೂತಿರುತ್ತವೆ. ಇವತ್ತಿನಿಂದ ಸರಿಯಾಗಿ ಎಣಿಸಲು ಶುರು ಮಾಡಿ. ಒಂದೇ ಜಾಗ, ಬೆಳಗ್ಗೆ ಒಂದೇ ಹೊತ್ತು, ತಿಂಗಳಿಗೊಮ್ಮೆ ಸಾಕು. ಹಾರುವಾಗ ಎಣಿಸಬೇಡಿ, ಕೂತಿರುವಾಗ ಮೊಬೈಲಿನಲ್ಲಿ ಫೋಟೋ ತೆಗೆದು ಆಮೇಲೆ ಎಣಿಸಿ. ನಾಲ್ಕು ಗುಂಪು ಸಾಕು: ಎರಡು ಪಟ್ಟಿಯ ಬೂದು, ಚುಕ್ಕೆ ಚುಕ್ಕೆ, ಪೂರ್ತಿ ಕಪ್ಪು, ಉಳಿದದ್ದು. ಚುಕ್ಕೆ ತೀರಾ ದಟ್ಟವಾದರೆ ಕಪ್ಪಿನ ಹಾಗೇ ಕಾಣುತ್ತದೆ. ಗಡಿ ಎಲ್ಲಿ ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಎಲ್ಲರೂ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಎಣಿಸುವ ಮಗು ಬದಲಾದಾಗ ಪಾರಿವಾಳದ ಪಾಲೂ ಬದಲಾಗುತ್ತದೆ.

ಪಾಲು ನಿಜವಾಗಿ ಏರುತ್ತಿದೆ ಅಂತಾದರೆ ಮುಂದಿನ ಕೆಲಸ ಗೂಡುಗಳದ್ದು. ಕೈಗೆ ಎಟುಕದ ಗೂಡಿಗೆ ಮಕ್ಕಳನ್ನು ಹತ್ತಿಸಬೇಡಿ, ಕೆಳಗಿನಿಂದ ಕಾಣುವವೇ ಸಾಕು. ಪಾರಿವಾಳ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ವರ್ಷದಲ್ಲಿ ಹಲವು ಸಲ. ಕಪ್ಪು ಜೋಡಿಗಳಲ್ಲಿ ಎಷ್ಟು ಮರಿ ಹಾರಿದವು, ಬೂದು ಜೋಡಿಗಳಲ್ಲಿ ಎಷ್ಟು ಎಂದು ಬರೆದಿಡಿ. ಕಪ್ಪಿನವು ವರ್ಷಗಟ್ಟಲೆ ಹೆಚ್ಚು ಮರಿ ಎಬ್ಬಿಸಿದರೆ, ಆಗ ಆಯ್ಕೆಯ ಮಾತು ಆಡಬಹುದು. ಎರಡೂ ಒಂದೇ ಲೆಕ್ಕದಲ್ಲಿ ಮರಿ ಮಾಡುತ್ತಿದ್ದು ಕಪ್ಪಿನ ಪಾಲು ಮಾತ್ರ ಏರುತ್ತಿದ್ದರೆ, ಅದೃಷ್ಟದ ಆಟವನ್ನು ಬಿಟ್ಟರೆ ಮುಖ್ಯ ಕಾರಣ ಎರಡು: ಬೂದಿನವು ದೊಡ್ಡದಾದ ಮೇಲೆ ಜಾಸ್ತಿ ಸಾಯುತ್ತಿವೆ, ಇಲ್ಲವೇ ಹತ್ತಿರದ ಯಾರದ್ದೋ ಗೂಡಿನಿಂದ ಕಪ್ಪಿನವು ಬಂದು ಸೇರುತ್ತಿವೆ. ಎರಡನೆಯದ್ದು ತಿಳಿಯಲು ಸುತ್ತಮುತ್ತ ಪಾರಿವಾಳ ಸಾಕುವವರನ್ನು ಕೇಳಿದರೆ ಆಯಿತು. ಕಾಲಲ್ಲಿ ಉಂಗುರ ಇರುವ ಹಕ್ಕಿ ಗುಂಪಿನಲ್ಲಿ ಕಂಡರೆ ಅದನ್ನೂ ಗುರುತು ಹಾಕಿಕೊಳ್ಳಿ.

ಒಂದು ತಮಾಷೆ ಸಂಗತಿ. ಚುಕ್ಕೆ ಪ್ರಬಲ ಆದ್ದರಿಂದ ಎರಡು ಪಟ್ಟಿಯ ಅಪ್ಪ ಅಮ್ಮನಿಗೆ ಚುಕ್ಕೆಯ ಮರಿ ಹುಟ್ಟುವ ಹಾಗಿಲ್ಲ. ಗೂಡಿನಲ್ಲಿ ಹಾಗೆ ಕಂಡರೆ ನೀವು ನೋಡಿದ್ದು ತಪ್ಪಾಗಿರಬೇಕು, ಇಲ್ಲವೇ ಅಪ್ಪ ಬೇರೆ. ಹತ್ತನೇ ಕ್ಲಾಸಿನವರಿಗೆ ಇದನ್ನು ಹೇಗೆ ವಿವರಿಸುವುದು ಎಂಬುದನ್ನು ನಿಮಗೇ ಬಿಡುತ್ತೇನೆ. ಒಂದು ವರ್ಷದ ಎಣಿಕೆ ಆದ ಮೇಲೆ ಪಟ್ಟಿ ಕಳಿಸಿಕೊಡಿ. ಶೇಕಡಾ ಬೇಡ, ಎಣಿಸಿದ ಸಂಖ್ಯೆಗಳನ್ನೇ ಬರೆಯಿರಿ.